ಬೆಳೆ ಸಮೀಕ್ಷೆಯವರು ಹೊಲದ ಫೋಟೊ ತೆಗೆದರೆ ಜಮೀನು ಹೋಗುತ್ತದೆಯೇ?

"ಎಲ್ಲಾ ರೈತ ಬಾಂಧವರ ಗಮನಕ್ಕೆ! ಬೆಳೆ ಸಮೀಕ್ಷೆ ಹೆಸರಲ್ಲಿ ಮೊಬೈಲ್ ಹಿಡಿದು ಬರುವವರಿಗೆ ನಿಮ್ಮ ಹೊಲದ ಫೋಟೊ ತೆಗೆಯಲು ಬಿಡಬೇಡಿ. ಇವತ್ತು ಫೋಟೊ, ನಾಳೆ ತೆರಿಗೆ, ನಾಡಿದ್ದು ಜಮೀನೇ ಸರ್ಕಾರಕ್ಕೆ. ನಿಮ್ಮ ಎಲ್ಲಾ ಗ್ರೂಪ್‌ಗಳಿಗೂ ಕಳಿಸಿ."

ಮುಂಗಾರು ಬಿತ್ತನೆ ಮುಗಿದು ಪೈರು ಗೇಣುದ್ದ ಬರುವ ಹೊತ್ತಿಗೆ ಇಂಥದ್ದೊಂದು ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ನಮ್ಮ ತಂಡದ ಒಬ್ಬರಿಗೆ ಬಂದದ್ದು ಗುಬ್ಬಿ ಕಡೆಯ ಸೋದರಮಾವನಿಂದ. ಜೊತೆಗೊಂದು ವಾಯ್ಸ್ ಮೆಸೇಜು: "ನೀನು ಓದ್ದೋಳು, ಇದು ದಿಟವಾ ಸುಳ್ಳಾ ನೋಡಿ ಹೇಳವ್ವ. ಹುಡುಗ್ರು ಬಂದಿದ್ರು, ನಾನು ಆಮೇಲೆ ಬರ್ರಪ್ಪ ಅಂತ ವಾಪಸ್ ಕಳಿಸಿದೀನಿ."

ಮಾವನಿಗೆ ಕೊಟ್ಟ ಉತ್ತರ ಚಿಕ್ಕದು. ಸುಳ್ಳು, ಆ ಹುಡುಗರನ್ನು ವಾಪಸ್ ಕರೆಸಿ. ಆದರೆ ಅಷ್ಟಕ್ಕೇ ಬಿಟ್ಟರೆ ಇಂಥ ಸಂದೇಶ ಮುಂದಿನ ವರ್ಷವೂ ಬರುತ್ತದೆ. ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿನ ಎದುರು ಬರೆಯುವ ಬೆಳೆಯ ಹೆಸರು ಒಂದೇ ಒಂದು ಪದ. ಆ ಪದ ಎಲ್ಲೆಲ್ಲಿಗೆ ಹೋಗುತ್ತದೆ, ಅದು ತಪ್ಪಾದರೆ ಏನಾಗುತ್ತದೆ ಎಂದು ತಿಳಿದರೆ ಫೋಟೊ ತೆಗೆಸಿಕೊಳ್ಳುವ ಭಯಕ್ಕಿಂತ ತೆಗೆಸಿಕೊಳ್ಳದಿರುವ ಭಯವೇ ದೊಡ್ಡದಾಗುತ್ತದೆ.

9ನೇ ಕಾಲಂ ಬೇರೆ, 12ನೇ ಕಾಲಂ ಬೇರೆ

ಮನೆಯಲ್ಲಿ ಪಹಣಿ ಇದ್ದರೆ ಒಮ್ಮೆ ತೆಗೆದು ಎದುರಿಗಿಟ್ಟುಕೊಳ್ಳಿ. ಆರ್‌ಟಿಸಿ ಎಂದು ನಾವೆಲ್ಲ ಕರೆಯುವ ಈ ಕಾಗದದ ಪೂರ್ತಿ ಹೆಸರಿನಲ್ಲೇ ಮೂರು ಸಂಗತಿಗಳಿವೆ: ಹಕ್ಕು, ಗೇಣಿ, ಬೆಳೆ. ಮಾಲೀಕರ ಹೆಸರು ಇರುವುದು 9ನೇ ಕಾಲಂನಲ್ಲಿ. ಸಾಲ, ಅಡಮಾನದಂಥ ಋಣಗಳು 11ರಲ್ಲಿ. ಯಾರು ಉಳುಮೆ ಮಾಡುತ್ತಿದ್ದಾರೆ, ಯಾವ ಬೆಳೆ ಇದೆ ಎಂಬುದು 12ರಲ್ಲಿ.

ಬೆಳೆ ಸಮೀಕ್ಷೆ ಮುಟ್ಟುವುದು ಬೆಳೆಯ ವಿವರವನ್ನು ಮಾತ್ರ. 9ನೇ ಕಾಲಂನ ಹೆಸರು ಬದಲಾಗಬೇಕಾದರೆ ಕ್ರಯ, ದಾನ, ವಿಭಾಗ, ಪೌತಿ, ಕೋರ್ಟಿನ ಆದೇಶ, ಇಂಥ ಒಂದು ಆಧಾರ ಬೇಕು. ಆಮೇಲೆ ಮ್ಯುಟೇಶನ್ ಆಗಬೇಕು. ರಾಗಿ ಪೈರಿನ ಫೋಟೊದಿಂದ ಅದು ಆಗುವುದಿಲ್ಲ. ತೆರಿಗೆಯ ಮಾತೂ ಹಾಗೇ. ಕೃಷಿ ಆದಾಯ ಕೇಂದ್ರದ ಆದಾಯ ತೆರಿಗೆಯ ವ್ಯಾಪ್ತಿಗೆ ಬರುವುದಿಲ್ಲ. ಹೊಲದಲ್ಲಿ ಏನು ಬೆಳೆದಿದೆ ಎಂದು ದಾಖಲಿಸಿದ ಮಾತ್ರಕ್ಕೆ ಆ ನಿಯಮ ಬದಲಾಗುವುದೂ ಇಲ್ಲ.

ಹಾಗಂತ ಈ ಭಯ ಬುಡವಿಲ್ಲದೆ ಹುಟ್ಟಿದ್ದೂ ಅಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ತುಮಕೂರು, ಗುಬ್ಬಿಯನ್ನೂ ಹಾದುಹೋದ. ಊರೂರಲ್ಲಿ ಏನು ಬಿತ್ತುತ್ತಾರೆ, ಎಷ್ಟು ಬೆಳೆಯುತ್ತದೆ, ಯಾರಿಗೆ ಎಷ್ಟು ಕೊಡುತ್ತಾರೆ ಎಂದು ಬರೆದುಕೊಂಡ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಎಂದು ಕಂಪನಿಗೆ ತಿಳಿಯಬೇಕಿತ್ತು. ಆಮೇಲೆ ಬಂದ ಅಳತೆಗಳೂ ಬಹುಪಾಲು ಕಂದಾಯ ಗೊತ್ತುಮಾಡುವುದಕ್ಕೇ. ಸರಪಳಿ ಹಿಡಿದವರು ಊರಿಗೆ ಬಂದರೆ ಅಜ್ಜ, ಮುತ್ತಜ್ಜಂದಿರು ಹೆದರುತ್ತಿದ್ದದ್ದರಲ್ಲಿ ಅರ್ಥವಿತ್ತು. ಇವತ್ತು ಹಣ ಹರಿಯುವ ದಿಕ್ಕು ತಿರುಗಿದೆ. ಖುಷ್ಕಿ ಜಮೀನಿನಿಂದ ಸರ್ಕಾರಕ್ಕೆ ಹೋಗುವ ಕಂದಾಯ ಚಿಲ್ಲರೆ ಕಾಸು. ಅಲ್ಲಿಂದ ಬರಬೇಕಾದ ಬೆಂಬಲ ಬೆಲೆ, ವಿಮೆ, ಪರಿಹಾರ ಸಾವಿರಗಳ ಲೆಕ್ಕ. ಬರಬೇಕಾದವರು ಯಾರು ಎಂದು ಗುರುತಿಸಲು ಈಗ ಅಳತೆ ಬೇಕಾಗಿದೆ.

ರಾಗಿ ಬೆಳೆದವರಿಗೆ ಹುರುಳಿ

ಮೊದಲು ಪಹಣಿಗೆ ಬೆಳೆ ಬರೆಯುತ್ತಿದ್ದವರು ಗ್ರಾಮ ಲೆಕ್ಕಿಗರು. ಈಗ ಅವರ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ. ಒಬ್ಬರಿಗೆ ಹಲವು ಊರು, ಸಾವಿರಾರು ಹಿಸ್ಸೆಗಳು. ಪ್ರತಿ ಹೊಲಕ್ಕೂ ಕಾಲಿಡುವುದು ಸಾಧ್ಯವಿರಲಿಲ್ಲ. ಹಿಂದಿನ ವರ್ಷ ಬರೆದದ್ದನ್ನೇ ಈ ವರ್ಷವೂ ಬರೆಯುತ್ತಾರೆ ಎಂಬ ದೂರು ಹಳ್ಳಿಗಳಲ್ಲಿ ಹೊಸದೇನಲ್ಲ.

ಆ ಕೆಲಸ ಮೊಬೈಲ್ ಆ್ಯಪ್‌ಗೆ ಬಂದ ಮೇಲೆ, ಸಮೀಕ್ಷೆ ಮಾಡುವವರು ಹೊಲಕ್ಕೇ ಹೋಗಿ ನಿಂತು ಫೋಟೊ ತೆಗೆಯಬೇಕು. ಜಿಪಿಎಸ್ ಜಾಗವನ್ನು ಗುರುತಿಸುತ್ತದೆ. ಸರ್ವೆ ನಂಬರು, ಹಿಸ್ಸೆ, ಬೆಳೆ, ವಿಸ್ತೀರ್ಣ, ಮಳೆಯಾಶ್ರಿತವೋ ನೀರಾವರಿಯೋ, ಇಷ್ಟನ್ನು ತುಂಬಬೇಕು. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಮೊಬೈಲಿನಲ್ಲಿ ಸಮೀಕ್ಷೆ ಮಾಡಿಕೊಳ್ಳುವ ಆ್ಯಪ್ ಅನ್ನು ರಾಜ್ಯ ಸರ್ಕಾರ ಬಿಟ್ಟಿತು. ರೈತರು ಮಾಡದೆ ಉಳಿದದ್ದನ್ನು ಊರಿನ ಯುವಕರು ಮಾಡುತ್ತಾರೆ. ಇಲಾಖೆಯ ಭಾಷೆಯಲ್ಲಿ ಅವರು 'ಖಾಸಗಿ ನಿವಾಸಿ'ಗಳು, ಚಿಕ್ಕದಾಗಿ ಪಿಆರ್. ಮಾವ ವಾಪಸ್ ಕಳಿಸಿದ ಹುಡುಗರು ಇವರೇ. ಅವರು ತುಂಬಿದ್ದನ್ನು ಮೇಲ್ವಿಚಾರಕರು ನೋಡಿ ಒಪ್ಪಬೇಕು, ಆಗಲೇ ಅದು ದಾಖಲೆ.

ತಪ್ಪಾಗುವುದು ಎಲ್ಲಿ? ಕುಣಿಗಲ್ ಕಡೆಯ ಒಂದು ಖುಷ್ಕಿ ಹೊಲ ನೆನೆಸಿಕೊಳ್ಳಿ. ನೋಡಿದವರು ರಾಗಿ ಎನ್ನುತ್ತಾರೆ. ಹತ್ತಿರ ಹೋದರೆ ಪ್ರತಿ ಏಳೆಂಟು ಸಾಲಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ಬದುವಿನ ಮೇಲೆ ಹರಳು ಗಿಡ. ಒಂದೇ ಹೊಲದಲ್ಲಿ ಮನೆಯ ಮುದ್ದೆ, ಸಾರು, ಎಣ್ಣೆ, ದನದ ಮೇವು ಎಲ್ಲವೂ ಇರುತ್ತದೆ. ಬೇಸಾಯ ಹೀಗೆ ಬೆರೆತಿದ್ದರೂ ಆ್ಯಪ್ ಕೇಳುವುದು ಬಿಡಿಬಿಡಿಯಾಗಿ: ಇದು ಒಂದೇ ಬೆಳೆಯೋ, ಮಿಶ್ರ ಬೆಳೆಯೋ, ಅಂತರ ಬೆಳೆಯೋ, ಯಾವುದು ಎಷ್ಟು ಗುಂಟೆ? ಅವಸರದಲ್ಲಿರುವ ಹುಡುಗ ಕಣ್ಣಿಗೆ ಕಂಡದ್ದನ್ನು ಒತ್ತುತ್ತಾನೆ. ಅವನು ಬಂದ ದಿನ ಪೈರು ಇನ್ನೂ ಎಳಸಾಗಿದ್ದರೆ ಅಥವಾ ಪಕ್ಕದ ಹಿಸ್ಸೆಯಲ್ಲಿ ನಿಂತು ಫೋಟೊ ತೆಗೆದಿದ್ದರೆ ಬೆಳೆಯ ಹೆಸರೇ ಬದಲಾಗುತ್ತದೆ. ಗುಬ್ಬಿಯ ತೋಟಗಳಲ್ಲಿ ಇನ್ನೊಂದು ತೊಡಕು: ಮೇಲೆ ತೆಂಗು, ಕೆಳಗೆ ಅಡಿಕೆ, ನಡುವೆ ಬಾಳೆ. ಯಾವುದನ್ನು ಬರೆಯುವುದು?

ಹುಲಿಯೂರುದುರ್ಗದ ಕಡೆ ನಾವು ಮಾತನಾಡಿಸಿದ ಒಬ್ಬ ಹಿರಿಯ ಹೆಣ್ಣುಮಗಳು ಹೇಳಿದ್ದು ಇದೇ. "ನಾವು ಹಾಕಿರೋದು ರಾಗಿ ಕಣವ್ವ. ರಾಗಿ ಬಿಡಕ್ಕೆ ಅಂತ ನೋಂದಣಿಗೆ ಹೋದ್ರೆ ನಿಮ್ದು ಹುರುಳಿ ಅಂತ ಬಂದೈತೆ ಅಂದ್ರು. ಹುರುಳಿ ನಾವು ಹಾಕಿ ಮೂರು ವರ್ಷ ಆಯ್ತು." ಅಲ್ಲಿಂದ ಕೃಷಿ ಕಚೇರಿ, ಅಲ್ಲಿಂದ ನಾಡಕಚೇರಿ, ಮತ್ತೆ ವಾಪಸ್. ಸರಿಯಾಗುವ ಹೊತ್ತಿಗೆ ಮನೆಯಲ್ಲಿ ಮದುವೆ ಖರ್ಚು ಬಂದು, ಸಿಕ್ಕಿದ ರೇಟಿಗೆ ರಾಗಿಯನ್ನು ವ್ಯಾಪಾರಿಗೆ ಕೊಟ್ಟಾಗಿತ್ತು.

ಆ ಒಂದು ಪದಕ್ಕೆ ಎಷ್ಟು ದುಡ್ಡು

ರಾಗಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ 2024-25ರಲ್ಲಿ ಕ್ವಿಂಟಾಲಿಗೆ 4,290 ರೂಪಾಯಿ, 2025-26ರಲ್ಲಿ 4,886. ಹತ್ತು ವರ್ಷಗಳ ಹಿಂದೆ, 2015-16ರಲ್ಲಿ, ಅದು 1,650 ಇತ್ತು. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ಕರ್ನಾಟಕ, ರಾಗಿಯ ಸೀಮೆಗಳಲ್ಲಿ ತುಮಕೂರು ಮುಂಚೂಣಿಯ ಜಿಲ್ಲೆ. ಖರೀದಿಯಾದ ರಾಗಿ ಪಡಿತರಕ್ಕೂ ಹೋಗುತ್ತದೆ. ನಿಮ್ಮ ರೇಷನ್ ಅಂಗಡಿಯ ಮುದ್ದೆ ಹಿಟ್ಟಿನ ಕಥೆಯೂ ಇದೇ.

ಆದರೆ ಖರೀದಿ ಕೇಂದ್ರದಲ್ಲಿ ಯಾರು ಬೇಕಾದರೂ ಚೀಲ ಇಳಿಸುವಂತಿಲ್ಲ. ಮೊದಲು ಎಫ್‌ಐಡಿ ಬೇಕು, ಅಂದರೆ ರಾಜ್ಯದ 'ಫ್ರೂಟ್ಸ್' ತಂತ್ರಾಂಶದಲ್ಲಿ ರೈತರಿಗೆ ಕೊಡುವ ಗುರುತಿನ ಸಂಖ್ಯೆ. ಅದರ ಕೆಳಗೆ ನಿಮ್ಮ ಸರ್ವೆ ನಂಬರುಗಳು ಸೇರಿರಬೇಕು. ಆ ಸರ್ವೆ ನಂಬರಿನಲ್ಲಿ ರಾಗಿ ಇದೆ ಎಂದು ಬೆಳೆ ಸಮೀಕ್ಷೆ ಹೇಳಬೇಕು. ಎಕರೆಗೆ ಇಷ್ಟು, ಒಬ್ಬರಿಗೆ ಒಟ್ಟು ಇಷ್ಟು ಎಂಬ ಮಿತಿಯೂ ಇರುತ್ತದೆ, ಅದು ವರ್ಷಕ್ಕೆ ವರ್ಷ ಬದಲಾಗುತ್ತದೆ. ಇಷ್ಟೆಲ್ಲ ಕಟ್ಟುಪಾಡು ಯಾಕೆ ಎಂದರೆ ಕಾರಣ ಸರಳ. ಮಾರುಕಟ್ಟೆಯ ಬೆಲೆ ಬೆಂಬಲ ಬೆಲೆಗಿಂತ ಕೆಳಗಿದ್ದಾಗ ರೈತರಿಂದ ಕಡಿಮೆಗೆ ಕೊಂಡು, ರೈತರ ಹೆಸರಿನಲ್ಲಿ ಸರ್ಕಾರಕ್ಕೆ ಹೆಚ್ಚಿಗೆ ಮಾರುವ ಮಧ್ಯವರ್ತಿಗಳಿಗೆ ಅದು ಸುಗ್ಗಿ. ಅದನ್ನು ತಡೆಯಲು ಸರ್ಕಾರದ ಕೈಲಿರುವುದು ಬೆಳೆ ದಾಖಲೆ. ಆ ದಾಖಲೆಯಲ್ಲಿ ತಪ್ಪಿದ್ದರೆ ಮಧ್ಯವರ್ತಿಯ ಜೊತೆ ನಿಜವಾಗಿ ಬೆಳೆದವರೂ ಹೊರಗೆ ನಿಲ್ಲುತ್ತಾರೆ.

ಬರ ಪರಿಹಾರದ ಕಥೆಯೂ ಹೀಗೇ. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದದ್ದು ನಿಮಗೆ ನೆನಪಿರಬಹುದು. ಒಂದು ತಾಲ್ಲೂಕನ್ನು ಹಾಗೆ ಘೋಷಿಸಲು 2016ರಲ್ಲಿ ಕೇಂದ್ರ ಹೊರತಂದ ಬರ ಕೈಪಿಡಿಯ ಅಳತೆಗೋಲುಗಳಿವೆ. ಮಳೆ ಎಷ್ಟು ಕಡಿಮೆ, ಎಷ್ಟು ವಾರ ಸತತವಾಗಿ ಒಣಗಿತು, ಮಣ್ಣಿನಲ್ಲಿ ತೇವ ಎಷ್ಟು, ಉಪಗ್ರಹದ ಚಿತ್ರದಲ್ಲಿ ಹಸಿರು ಎಷ್ಟು, ಇವೆಲ್ಲ ನೋಡಿ, ಕೊನೆಗೆ ಆಯ್ದ ಹಳ್ಳಿಗಳ ಹೊಲಗಳಿಗೆ ಹೋಗಿ ತಾಳೆ ಮಾಡಬೇಕು. ಘೋಷಣೆಯಾದರೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾದವರಿಗೆ ಪರಿಹಾರ ಬರುತ್ತದೆ. ಆಗಿನ ದರ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಅದೂ 2 ಹೆಕ್ಟೇರಿನವರೆಗೆ. ಒಂದು ಎಕರೆ ಮಳೆಯಾಶ್ರಿತ ರಾಗಿಗೆ ಲೆಕ್ಕ ಹಾಕಿದರೆ ಸುಮಾರು 3,440. ಅದೇ ಎಕರೆ ಅಡಿಕೆ ಅಥವಾ ತೆಂಗಿನ ತೋಟವಾಗಿದ್ದು ಸಮೀಕ್ಷೆಯಲ್ಲಿ ರಾಗಿ ಎಂದು ಬಿದ್ದಿದ್ದರೆ, ಬರಬೇಕಾದ 9,100ರ ಜಾಗದಲ್ಲಿ 3,440.

ಈ ಹಣಕ್ಕಾಗಿ ರಾಜ್ಯ ಮತ್ತು ಕೇಂದ್ರದ ನಡುವೆ ನಡೆದ ಜಗಳವೂ ಅರ್ಧ ಅಳತೆಯದ್ದೇ. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೂ ಹೋಯಿತು. ಏಪ್ರಿಲ್ ಕೊನೆಗೆ ಬಂದದ್ದು ಸುಮಾರು 3,454 ಕೋಟಿ. ಆ ಮಾತುಕತೆಯಲ್ಲಿ ಎದ್ದ ಒಂದು ಪ್ರಶ್ನೆ ಸಣ್ಣ ಮತ್ತು ಅತಿಸಣ್ಣ ರೈತರು ರಾಜ್ಯದಲ್ಲಿ ಎಷ್ಟಿದ್ದಾರೆ ಎಂಬುದು. 2015-16ರ ಕೃಷಿ ಗಣತಿಯ ಅಂಕಿ ಹಳೆಯದಾಯಿತು, ಅಲ್ಲಿಂದೀಚೆ ಜಮೀನು ಇನ್ನಷ್ಟು ಭಾಗವಾಗಿದೆ, ಫ್ರೂಟ್ಸ್‌ನಲ್ಲಿರುವ ಅಂಕಿಯನ್ನು ತೆಗೆದುಕೊಳ್ಳಿ ಎಂದು ರಾಜ್ಯ ವಾದಿಸಿತು. ಗಣತಿಯ ಪುಸ್ತಕದಲ್ಲಿ ಎಷ್ಟು ಹೆಸರಿದೆ ಎಂಬುದರ ಮೇಲೆ ಕೋಟಿಗಳು ಏರುಪೇರಾದವು. ಕೊನೆಗೆ ಹಣ ರೈತರ ಖಾತೆಗೆ ಬಂದಾಗಲೂ ಫ್ರೂಟ್ಸ್‌ನಲ್ಲಿ ಎಷ್ಟು ಜಮೀನು ಸೇರಿತ್ತೋ ಅಷ್ಟಕ್ಕೇ ಬಂತು. ನಾಲ್ಕು ಎಕರೆ ಇದ್ದು ಎರಡೇ ಸೇರಿಸಿದ್ದವರಿಗೆ ಎರಡಕ್ಕೆ.

"ನಮ್ಮ ಹೊಲ ಒಣಗೈತೆ, ವಿಮೆ ಯಾಕೆ ಬರಲ್ಲ?"

ಮಾವ ಆಮೇಲೆ ಕೇಳಿದ ಪ್ರಶ್ನೆ ಇದು. ಇದಕ್ಕೂ ಒಂದು ಫಾರ್ವರ್ಡ್ ಇದೆ: "ಅಧಿಕಾರಿಗಳು ಎಸಿ ರೂಮಿನಲ್ಲಿ ಕೂತು ಇಳುವರಿ ಬರೆಯುತ್ತಾರೆ." ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವ ಬದಲು ಅಳತೆ ಹೇಗೆ ನಡೆಯಬೇಕು ಎಂದು ನೋಡೋಣ. ಹಾಗೆ ನಡೆಯದಿದ್ದಾಗ ಹಿಡಿದು ಕೇಳಲು ಅದೇ ಉಪಯೋಗಕ್ಕೆ ಬರುತ್ತದೆ.

ಹಿಂದೆ ಇದ್ದದ್ದು ಆಣೆವಾರಿ. ಪೂರ್ತಿ ಬೆಳೆ ಎಂದರೆ ಹದಿನಾರಾಣೆ. ಅಧಿಕಾರಿ ಬದುವಿನ ಮೇಲೆ ನಿಂತು ಕಣ್ಣಳತೆಯಲ್ಲಿ "ಈ ಸಲ ಎಂಟಾಣೆ" ಎಂದರೆ ಅರ್ಧ ಬೆಳೆ. ನಮ್ಮ ಹಿರಿಯರ ಬಾಯಲ್ಲಿ ಈಗಲೂ "ಹದಿನಾರಾಣೆ ಬೆಳೆ" ಎಂಬ ಮಾತಿದೆ. ಕಣ್ಣಳತೆಯಲ್ಲಿ ತಾರತಮ್ಯ ಸುಲಭ ಎಂದು 1940ರ ದಶಕದಲ್ಲಿ ದೇಶದ ಸಂಖ್ಯಾಶಾಸ್ತ್ರಜ್ಞರು ಬೇರೆ ದಾರಿ ಹುಡುಕಿದರು. ಚೀಟಿ ಎತ್ತಿದ ಹಾಗೆ ಕೆಲವು ಹೊಲಗಳನ್ನು ಆರಿಸು, ಪ್ರತಿ ಹೊಲದಲ್ಲಿ ಒಂದು ತುಂಡು ಅಳೆ, ಅದರ ಪೈರನ್ನು ಕೊಯ್ದು, ಬಡಿದು, ತೂಗು. ತುಂಡು ಎಷ್ಟು ದೊಡ್ಡದಿರಬೇಕು ಎಂಬುದರ ಮೇಲೂ ಜಗಳವಾಯಿತು. ಪಿ.ಸಿ. ಮಹಾಲನೋಬಿಸ್ ಸಣ್ಣ ತುಂಡು ಸಾಕು ಎಂದರು. ಪಿ.ವಿ. ಸುಖಾತ್ಮೆ ಸಣ್ಣ ತುಂಡಿನಲ್ಲಿ ಇಳುವರಿ ಇರುವುದಕ್ಕಿಂತ ಹೆಚ್ಚು ತೋರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಕಾರಣ ನಮಗೂ ಅರ್ಥವಾಗುವಂಥದ್ದು: ಹಗ್ಗದ ಗೆರೆಯ ಮೇಲೇ ನಿಂತ ಪೈರನ್ನು ಒಳಗೆ ಸೇರಿಸಿಕೊಳ್ಳುವ ಆಸೆ ಕೊಯ್ಯುವವರಿಗೆ ಇರುತ್ತದೆ. ತುಂಡು ಚಿಕ್ಕದಾದಷ್ಟೂ ಗೆರೆಯ ಪಾಲು ಹೆಚ್ಚು.

ಈಗ ರಾಗಿಯಂಥ ಬಹುತೇಕ ಧಾನ್ಯಗಳಿಗೆ ತುಂಡಿನ ಅಳತೆ 5 ಮೀಟರ್ ಉದ್ದ, 5 ಮೀಟರ್ ಅಗಲ. ಸರ್ವೆ ನಂಬರು ಮೊದಲೇ ಆಯ್ಕೆಯಾಗಿರುತ್ತದೆ. ಹೊಲಕ್ಕೆ ಹೋದ ಮೇಲೆ ಯಾವ ಜಾಗ ಎಂಬುದೂ ಅಧಿಕಾರಿಯ ಇಷ್ಟವಲ್ಲ. ನೈಋತ್ಯ ಮೂಲೆಯಿಂದ ಹೊರಟು, ಕೊಟ್ಟ ಸಂಖ್ಯೆಯಷ್ಟು ಉದ್ದಕ್ಕೂ ಅಡ್ಡಕ್ಕೂ ನಡೆದು, ಅಲ್ಲಿ ಗೂಟ ಹೊಡೆಯಬೇಕು. ಅಲ್ಲಿ ಪೈರು ಚೆನ್ನಾಗಿರಲಿ, ಸೊರಗಿರಲಿ, ಅದನ್ನೇ ಕೊಯ್ಯಬೇಕು. ಆ 25 ಚದರ ಮೀಟರಿನಲ್ಲಿ 5 ಕೆಜಿ ರಾಗಿ ಬಂತು ಎನ್ನಿ. ಒಂದು ಹೆಕ್ಟೇರಿನಲ್ಲಿ ಅಂಥ 400 ತುಂಡುಗಳಿರುತ್ತವೆ, ಆದ್ದರಿಂದ ಹೆಕ್ಟೇರಿಗೆ 20 ಕ್ವಿಂಟಾಲ್, ಎಕರೆಗೆ ಸುಮಾರು 8. ತೂಕದಲ್ಲಿ ಅರ್ಧ ಕೆಜಿ ಹೆಚ್ಚುಕಡಿಮೆಯಾದರೆ ಹೆಕ್ಟೇರಿಗೆ 2 ಕ್ವಿಂಟಾಲ್ ಹೆಚ್ಚುಕಡಿಮೆ. ಗೂಟ ಹೊಡೆಯುವ ದಿನ ಊರಿನವರು ಅಲ್ಲಿ ನಿಂತು ನೋಡುವುದು ಯಾಕೆ ಒಳ್ಳೆಯದು ಎಂದು ಇದರಿಂದಲೇ ತಿಳಿಯುತ್ತದೆ. ವಿಮೆ ಕಂಪನಿಯವರಿಗೂ ನಿಂತು ನೋಡಲು ಅವಕಾಶವಿದೆ, ಅವರು ಆ ಅವಕಾಶ ಬಿಡುವುದಿಲ್ಲ.

2016ರ ಮುಂಗಾರಿನಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ ನಮ್ಮ ರಾಜ್ಯದಲ್ಲಿ ಮುಖ್ಯ ಬೆಳೆಗಳಿಗೆ ಅಳತೆಯ ಘಟಕ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ. ಒಂದು ಪಂಚಾಯಿತಿಗೆ ಒಂದು ಬೆಳೆಗೆ ಕನಿಷ್ಠ 4 ಕಟಾವು ಪ್ರಯೋಗ, ಹೋಬಳಿಗಾದರೆ 10. ಅವುಗಳ ಸರಾಸರಿಯೇ ಆ ವರ್ಷದ ಇಳುವರಿ. ಅದನ್ನು ಪ್ರಾರಂಭಿಕ ಇಳುವರಿ ಎಂಬುದರ ಜೊತೆ ಹೋಲಿಸುತ್ತಾರೆ. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿದ್ದ 5 ವರ್ಷಗಳ ಸರಾಸರಿ ತೆಗೆದು, ಅದರ ನಿಗದಿತ ಶೇಕಡಾವಾರು ಹಿಡಿದರೆ ಬರುವ ಸಂಖ್ಯೆ ಅದು. ಪ್ರಾರಂಭಿಕ ಇಳುವರಿ 1,200 ಕೆಜಿ, ಈ ವರ್ಷದ್ದು 900 ಕೆಜಿ ಎಂದಿಟ್ಟುಕೊಳ್ಳಿ. ಕೊರತೆ ಕಾಲುಭಾಗ. ವಿಮಾ ಮೊತ್ತದ ಕಾಲುಭಾಗ ಆ ಪಂಚಾಯಿತಿಯಲ್ಲಿ ಆ ಬೆಳೆಗೆ ವಿಮೆ ಕಟ್ಟಿದ ಎಲ್ಲರಿಗೂ.

ಈಗ ಮಾವನ ಪ್ರಶ್ನೆಗೆ ಬರೋಣ. ಅವರ ಹೊಲ ಒಣಗಿದ್ದರೂ ಪಂಚಾಯಿತಿಯ ಸರಾಸರಿ ಚೆನ್ನಾಗಿದ್ದರೆ ಪರಿಹಾರ ಬರುವುದಿಲ್ಲ. ಅವರ ಹೊಲ ಚೆನ್ನಾಗಿದ್ದು ಪಂಚಾಯಿತಿಯ ಸರಾಸರಿ ಬಿದ್ದರೆ ಬರುತ್ತದೆ. ಕೇಳಲು ಅನ್ಯಾಯ ಎನಿಸುತ್ತದೆ. ಪ್ರತಿ ಹೊಲವನ್ನೂ ಅಳೆಯುವುದಾದರೆ ಅದರ ಖರ್ಚಿಗೇ ವಿಮೆಯ ಹಣ ಸಾಲದು ಎಂಬುದು ಯೋಜನೆಯ ಕಡೆಯವರ ವಾದ. ನಮಗೆ ಆ ವಾದ ಒಪ್ಪಿಗೆ. ಒಪ್ಪಿಗೆಯಾಗದ್ದು ಇದನ್ನು ಪ್ರೀಮಿಯಂ ಕಟ್ಟಿಸಿಕೊಳ್ಳುವ ದಿನ ಯಾರೂ ಬಿಡಿಸಿ ಹೇಳದಿರುವುದು. ಮುಂಗಾರು ಆಹಾರ ಬೆಳೆಗೆ ರೈತರ ಪಾಲು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5. ಕಟ್ಟಿದ್ದು ಕಡಿಮೆ ಎಂದ ಮಾತ್ರಕ್ಕೆ ನಿಯಮ ತಿಳಿಯುವ ಹಕ್ಕು ಕಡಿಮೆಯಾಗುವುದಿಲ್ಲ.

ಒಂಟಿ ಹೊಲಕ್ಕೂ ಪರಿಹಾರ ಸಿಗುವ ಸಂದರ್ಭಗಳಿವೆ: ಆಲಿಕಲ್ಲು ಮಳೆ, ಹೊಲ ಮುಳುಗುವುದು, ಭೂಕುಸಿತ, ಮೇಘಸ್ಫೋಟ, ಸಿಡಿಲಿನಿಂದ ಹೊತ್ತಿದ ಬೆಂಕಿ. ಕೊಯ್ದು ಒಣಗಲು ಹಾಕಿದ ಬೆಳೆ 14 ದಿನದೊಳಗೆ ಅಕಾಲ ಮಳೆಗೆ ಸಿಕ್ಕರೂ ಉಂಟು. ಷರತ್ತು ಒಂದೇ, 72 ಗಂಟೆಯೊಳಗೆ ದೂರು ಕೊಡಬೇಕು. ರಾಗಿ ತೆನೆ ಕೊಯ್ದು ಹೊಲದಲ್ಲೇ ಬಿಟ್ಟಾಗ ನವೆಂಬರಿನಲ್ಲಿ ಸೈಕ್ಲೋನ್ ಮಳೆ ಬರುವುದು ನಮ್ಮ ಕಡೆ ಅಪರೂಪವೇನಲ್ಲ. ಫಾರ್ವರ್ಡ್ ಮಾಡುವುದಿದ್ದರೆ ಈ 72 ಗಂಟೆಯ ಸುದ್ದಿಯನ್ನು ಮಾಡಿ.

ಬೆಳೆ ಸಮೀಕ್ಷೆ ಇಲ್ಲೂ ಬರುತ್ತದೆ. ವಿಮೆ ಕಟ್ಟುವಾಗ ನೀವು ರಾಗಿ ಎಂದು ಬರೆಸಿ, ಸಮೀಕ್ಷೆಯಲ್ಲಿ ಬೇರೆ ಬೆಳೆ ಬಿದ್ದಿದ್ದರೆ "ಬೆಳೆ ಹೊಂದಾಣಿಕೆಯಾಗಿಲ್ಲ" ಎಂದು ಅರ್ಜಿ ತಿರಸ್ಕಾರವಾಗುತ್ತದೆ. ತೋಟಗಾರಿಕೆ ಬೆಳೆಗಳ ಹವಾಮಾನ ಆಧಾರಿತ ವಿಮೆಯಲ್ಲಿ ಮಾತ್ರ ಇಳುವರಿ ಕಟಾವು ಇಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಮಳೆ, ಉಷ್ಣಾಂಶ, ತೇವ. ಪಂಚಾಯಿತಿ ಕಟ್ಟಡದ ಬಳಿ ಬೇಲಿಯೊಳಗೆ ಒಂದು ಕಂಬ, ಅದರ ಮೇಲೆ ಡಬ್ಬಿ, ಸೋಲಾರ್ ಫಲಕ ನೋಡಿದ್ದೀರಲ್ಲ, ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ. 15 ನಿಮಿಷಕ್ಕೊಮ್ಮೆ ಅಳತೆ ಕಳಿಸುತ್ತದೆ. ಅದರ ಮೇಲೆ ಮರದ ಕೊಂಬೆ ಬಾಗಿದ್ದರೆ, ಯಾರಾದರೂ ಅದಕ್ಕೆ ಬಟ್ಟೆ ಒಣಹಾಕಿದ್ದರೆ ಪಂಚಾಯಿತಿಗೆ ಹೇಳಿ. ನಗುವ ಮಾತಲ್ಲ, ಊರಿನ ಅಡಿಕೆ ವಿಮೆ ಆ ಡಬ್ಬಿಯ ಮೇಲೆ ನಿಂತಿದೆ.

ದೊಡ್ಡ ಲೆಕ್ಕವೂ ತಪ್ಪುತ್ತದೆ

ಸಮೀಕ್ಷೆಯಿಂದ ಬಂದ ವಿಸ್ತೀರ್ಣವನ್ನು ಕಟಾವು ಪ್ರಯೋಗದ ಇಳುವರಿಯಿಂದ ಗುಣಿಸಿದರೆ ಉತ್ಪಾದನೆ. ತಾಲ್ಲೂಕು, ಜಿಲ್ಲೆ, ರಾಜ್ಯ ದಾಟಿ ದೆಹಲಿಗೆ ಹೋಗುವ ಅಂಕಿ ಅದು. ಎಷ್ಟು ಖರೀದಿಸಬೇಕು, ಹೊರದೇಶಕ್ಕೆ ಬಿಡಬೇಕೇ, ಹೊರಗಿನಿಂದ ತರಿಸಬೇಕೇ ಎಂದು ಅದನ್ನು ನೋಡಿಯೇ ಯೋಚಿಸುತ್ತಾರೆ. ಅದು ತಪ್ಪಿದ್ದೂ ಇದೆ. 2022ರ ಫೆಬ್ರುವರಿಯಲ್ಲಿ ಕೇಂದ್ರ ಆ ವರ್ಷ 11.13 ಕೋಟಿ ಟನ್ ಗೋಧಿ ಬರುತ್ತದೆ ಎಂದು ಅಂದಾಜಿಸಿತು. ಮಾರ್ಚಿನ ಬಿಸಿಗಾಳಿಗೆ ಕಾಳು ಜೊಳ್ಳಾಯಿತು. ಮೇ 13ರಂದು ಗೋಧಿ ರಫ್ತು ನಿಂತಿತು, ಅದೇ ತಿಂಗಳು ಅಂದಾಜು 10.64 ಕೋಟಿ ಟನ್ನಿಗೆ ಇಳಿಯಿತು. ಆದ್ದರಿಂದ ಸರ್ಕಾರದ ಅಂಕಿಯೆಂದರೆ ಶಾಸನ ಎಂದು ನಾವು ಹೇಳುತ್ತಿಲ್ಲ.

ಬೆಳೆ ಸಮೀಕ್ಷೆಯ ದೊಡ್ಡ ಕುರುಡು ಇರುವುದು ಬೇರೆ ಕಡೆ. ವಾರಕ್ಕೋ ಗುತ್ತಿಗೆಗೋ ಬೇರೆಯವರ ಹೊಲ ಮಾಡುವವರು ನಮ್ಮ ಎರಡೂ ತಾಲ್ಲೂಕುಗಳಲ್ಲಿ ಬೇಕಾದಷ್ಟಿದ್ದಾರೆ. ಮಾಲೀಕರು ಬೆಂಗಳೂರಿನಲ್ಲಿ, ಉಳುವವರು ಊರಿನಲ್ಲಿ. ನಮ್ಮ ಭೂಸುಧಾರಣಾ ಕಾಯ್ದೆಯಲ್ಲಿ ಜಮೀನು ಗೇಣಿಗೆ ಕೊಡುವುದಕ್ಕೆ ಕೆಲವೇ ವಿನಾಯಿತಿ ಬಿಟ್ಟು ಅವಕಾಶವಿಲ್ಲ. ಹಾಗಾಗಿ ಬರಹದಲ್ಲಿ ಕರಾರು ಇರುವುದಿಲ್ಲ. ಫೋಟೊದಲ್ಲಿ ರಾಗಿ ಸರಿಯಾಗಿಯೇ ಬರುತ್ತದೆ, ಎಫ್‌ಐಡಿ ಮಾತ್ರ ಮಾಲೀಕರದ್ದು. ಬೀಜ, ಗೊಬ್ಬರ, ಕೂಲಿ ಹಾಕಿದವರ ಖಾತೆಗೆ ಬರ ಪರಿಹಾರ ಬರುವುದಿಲ್ಲ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇರುವ ಮನೆಗಳದ್ದೂ ಇದೇ ಪಾಡು. ಅಂಥವರು ಪೌತಿ ಖಾತೆ ಮಾಡಿಸಿಕೊಳ್ಳಬಹುದು, ತಡವಾದರೂ ದಾರಿ ಇದೆ. ವಾರಕ್ಕೆ ಮಾಡುವವರಿಗೆ ಆ ದಾರಿಯೂ ಇಲ್ಲ. ಇದರ ಬಗ್ಗೆ ಫಾರ್ವರ್ಡ್ ಮಾಡಿದವರನ್ನು ನಾವಿನ್ನೂ ನೋಡಿಲ್ಲ.

ಈಗ ಏನು ಮಾಡಬೇಕು

ಪ್ಲೇಸ್ಟೋರ್‌ನಲ್ಲಿ ರಾಜ್ಯ ಸರ್ಕಾರದ 'ಬೆಳೆ ದರ್ಶಕ್' ಆ್ಯಪ್ ಇದೆ. ವರ್ಷ, ಋತು, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಕೊಟ್ಟರೆ ನಿಮ್ಮ ಹೊಲದ ಎದುರು ಏನು ಬರೆದಿದೆ ಎಂದು ತೋರಿಸುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು, ಆದರೆ ಗಡುವಿನೊಳಗೆ. ಮೊಬೈಲು ಸರಾಗವಿಲ್ಲದವರು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಹುದು. ಅಲ್ಲಿಗೆ ಹೋದಾಗಲೇ ಎಫ್‌ಐಡಿಗೆ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ನೋಡಿಸಿಬಿಡಿ. ಸಮೀಕ್ಷೆಗೆ ಬಂದ ಹುಡುಗನ ಜೊತೆ ಹೊಲಕ್ಕೆ ಹೋಗಿ, ಅಕ್ಕಡಿ ಸಾಲು ತೋರಿಸಿ, ಅವನು ಏನು ಒತ್ತಿದ ಎಂದು ನೋಡಿ. ಅವನು ಒಟಿಪಿ, ಬ್ಯಾಂಕಿನ ಪಿನ್ ಕೇಳುವುದಿಲ್ಲ. ಕೇಳಿದರೆ ಅವನು ಸಮೀಕ್ಷೆಯವನಲ್ಲ. "ಬೆಳೆ ಪರಿಹಾರ ಜಮಾ ಆಗಿದೆ, ಈ ಫೈಲ್ ಇನ್‌ಸ್ಟಾಲ್ ಮಾಡಿ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲುಗಳನ್ನು ಮುಟ್ಟಬೇಡಿ. ಖಾತೆ ಖಾಲಿಯಾಗುವುದು ಅದರಿಂದ.

ಮಾವ ಆ ಹುಡುಗರಿಗೆ ಮತ್ತೆ ಫೋನ್ ಮಾಡಿ ಕರೆಸಿದರು. ಹಳೆಯ ದಾಖಲೆ ತೆಗೆದು ನೋಡಿದರೆ ತೋಟಕ್ಕೆ ತೆಂಗು ಮಾತ್ರ ಬಿದ್ದಿತ್ತು, ಆರು ವರ್ಷದ ಅಡಿಕೆ ಇರಲೇ ಇಲ್ಲ. ಈ ಸಲ ಗಿಡದ ಪಕ್ಕದಲ್ಲೇ ನಿಂತು ಎರಡನ್ನೂ ಬರೆಸಿದ್ದಾರೆ. ಮೇಲ್ವಿಚಾರಕರ ಒಪ್ಪಿಗೆ ಇನ್ನೂ ಬಂದಿಲ್ಲ. ದಿನಾ ಸಂಜೆ ಬೆಳೆ ದರ್ಶಕ್ ತೆಗೆದು ನೋಡುತ್ತಿದ್ದಾರೆ.